ಆಫ್ ಮಾಡಿದರೂ ಆರದ ಕೆಂಪು ದೀಪ

ಕಳೆದ ವಾರ ನಾನು ಒಂದು ಜೆಸಿಬಿಗೆ ಅಡ್ಡ ನಿಂತು ಕೂಗಾಡಿದೆ. ಅದೂ ಲುಂಗಿಯಲ್ಲಿ. ಕಾಕ್ಸ್‌ಟೌನಿನ ನಮ್ಮ ರಸ್ತೆ ಬಹಳ ಮರ್ಯಾದಸ್ಥರ ರಸ್ತೆ. ಇಲ್ಲಿ ಜಗಳವನ್ನೂ ಇಂಗ್ಲಿಷಿನಲ್ಲಿ, ಮೆತ್ತಗೆ ಆಡುತ್ತಾರೆ. ಹಾಗಾಗಿ ಬಾಲ್ಕನಿಗಳೆಲ್ಲ ಭರ್ತಿಯಾದವು.

ಕಾರಣ? ಇಂಟರ್‌ನೆಟ್.

ಆಯುಧಪೂಜೆಯ ಮಾರನೆಯ ದಿನದಿಂದ ನಮ್ಮ ಮನೆಯ ನೆಟ್ ಕೈಕೊಡಲು ಶುರುಮಾಡಿತ್ತು. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ನನಗೇನೂ ನಷ್ಟವಿಲ್ಲ (ಅಂಕಣ ತಡವಾದರೆ ಸಂಪಾದಕರಿಗೆ ಹೇಳಲು ಒಂದು ನೆಪವಾಯಿತು). ಕಷ್ಟಕ್ಕೆ ಸಿಕ್ಕಿದ್ದು ನನ್ನ ಹೆಂಡತಿ ಶೋಭಾ. ಹೊರರಾಜ್ಯಗಳಿಂದ ಬಂದು ದೊಡ್ಡನೆಕ್ಕುಂದಿ ಕಡೆ ಕೆಲಸಕ್ಕಿರುವವರಿಗೆ ಅವಳು ಆನ್‌ಲೈನಿನಲ್ಲಿ ಕನ್ನಡ ಕಲಿಸುತ್ತಾಳೆ. ಹೊಸ ಬ್ಯಾಚ್ ಆಗಷ್ಟೇ ಶುರುವಾಗಿತ್ತು. ಮೊದಲ ಕ್ಲಾಸು ಅರ್ಧಕ್ಕೇ ಕಟ್. ಎರಡನೆಯದೂ ಅಷ್ಟೇ. ಕ್ಲಾಸು ನಡೆಸುವ ಕಂಪನಿಯವರು, "ಮೇಡಂ, ಇನ್ನೊಂದ್ಸಲ ಹೀಗಾದ್ರೆ ಬ್ಯಾಚ್ ಬೇರೆಯವ್ರಿಗೆ ಕೊಡ್ಬೇಕಾಗುತ್ತೆ" ಅಂದರು.

"ರೀ, ಯಾರನ್ನಾದ್ರೂ ಕರೆಸಿ" ಅಂದಳು ಶೋಭಾ.

"ಯಾಕೆ, ನಾನಿಲ್ವಾ?" ಅಂದೆ.

ಗಂಡಸರಿಗೆ ಈ ಕಾಯಿಲೆ ಎಲ್ಲಿಂದ ಅಂಟಿತೋ ಕಾಣೆ. ಮನೆಯಲ್ಲಿ ಏನು ಕೆಟ್ಟರೂ ಮೊದಲು ಅದರೆದುರು ಸೊಂಟದ ಮೇಲೆ ಕೈಯಿಟ್ಟು ನಿಲ್ಲಬೇಕು. ನಿಂತೆ. ಆಫ್ ಮಾಡಿದೆ, ಆನ್ ಮಾಡಿದೆ. ತಲೆಗೆ ಎರಡು ತಟ್ಟಿದೆ. (ರೂಟರಿನ ತಲೆಗೆ.) ಕೊನೆಗೆ ಕಸ್ಟಮರ್ ಕೇರಿಗೆ ಫೋನ್ ಮಾಡಿದೆ.

"ಸರ್, ಕೊನೇಲಿ ಒಂದು ಲೈಟ್ ಇದೆ ನೋಡಿ. ಲೈನ್ ಸರಿ ಇದ್ರೆ ಅದು ಹತ್ತಲ್ಲ. ಈಗ ಹತ್ತಿದೆಯಾ?" ಎಂದು ಕೇಳಿದಳು ಅಲ್ಲಿನ ಹುಡುಗಿ.

ನಮ್ಮ ರೂಟರು ಇರುವುದು ಶೋಕೇಸಿನ ಮೇಲೆ. ನನ್ನ ಕನ್ನಡಕ ಇರುವುದು ಯಾವಾಗಲೂ ಬೇರೆಲ್ಲೋ. ಕತ್ತು ಚಾಚಿ ನೋಡಿದೆ. "ಹತ್ತಿದೆಯಮ್ಮ. ಒಳ್ಳೇ ಕೆಂಪಗಿದೆ."

"ಹಾಗಾದ್ರೆ ಹೊರಗಡೆ ಕೇಬಲ್ ಕಟ್ ಆಗಿರುತ್ತೆ ಸರ್."

ಇನ್ನೇನು ಬೇಕು? ಪಕ್ಕದ ಹಳೇ ಬಂಗಲೆಯನ್ನು ಫ್ಲ್ಯಾಟ್ ಕಟ್ಟಲು ಕೆಡವುತ್ತಿದ್ದಾರೆ. ಕಳ್ಳ ಕಣ್ಣೆದುರಿಗೇ ಇದ್ದಾನೆ! ಹೋಗಿ ಜೆಸಿಬಿಗೆ ಅಡ್ಡ ನಿಂತೆ. ಯಾದಗಿರಿ ಕಡೆಯ ಡ್ರೈವರು ಮೆಷಿನ್ ನಿಲ್ಲಿಸಿ ಕೆಳಗಿಳಿದ. "ಸರ, ನಾ ನಿಮ್ಮ ವೈರ್ ಮುಟ್ಟಿಲ್ರಿ. ಬೇಕಾದ್ರ ಬಂದ್ ನೋಡ್ರಿ" ಅಂದ. ಅವನ ಜೆಸಿಬಿಗೂ ಪೂಜೆಯಾಗಿತ್ತು. ಬಾಡಿದ ಚೆಂಡುಹೂವಿನ ಹಾರ, ಮಣ್ಣೆತ್ತುವ ಬಕೆಟ್ಟಿಗೆ ದೊಡ್ಡ ಕುಂಕುಮ. ಅದನ್ನು ನೋಡಿಯಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಲೈನಿನವರು ಬಂದು, ಕಂಬ ಹತ್ತಿ, ಇಳಿದು, "ಕೇಬಲ್ ಚೆನ್ನಾಗಿದೆ" ಎಂದು ಹೋದರು. ನಾನು ನಂಬಲಿಲ್ಲ. ಕೆಳಗಿನ ಮನೆಯ ರೋಸಿ ಆಂಟಿ, "ನಮ್ದೂ ಸೇಮ್ ಕೇಬಲ್ ಮ್ಯಾನ್, ಫಸ್ಟ್‌ಕ್ಲಾಸಾಗಿ ಬರ್ತಾ ಇದೆ" ಅಂದರು. ಅದನ್ನೂ ನಂಬಲಿಲ್ಲ. ಕೆಂಪು ದೀಪ ಸುಳ್ಳು ಹೇಳುತ್ತದೆಯೇ? ಮಧ್ಯಾಹ್ನ ಕರೆಂಟ್ ಹೋಯಿತು. ಆಗಲೂ ದೀಪ ಕೆಂಪಗೇ ಇತ್ತು. ಒಳಗೆ ಬ್ಯಾಟರಿ ಇರಬೇಕು ಅಂದುಕೊಂಡೆ. (ಹೌದು, ನಿಜವಾಗಿಯೂ ಹಾಗೇ ಅಂದುಕೊಂಡೆ. ನಗುವುದಿದ್ದರೆ ನಕ್ಕುಬಿಡಿ.)

ಸಂಜೆ ಕ್ಲಾಸಿನ ಹೊತ್ತಿಗೆ ಶೋಭಾ ಲ್ಯಾಪ್‌ಟಾಪ್ ಎತ್ತಿಕೊಂಡು ರೋಸಿ ಆಂಟಿಯ ಮನೆಗೆ ಇಳಿದುಹೋದಳು. ಬೈದಿದ್ದರೆ ಚೆನ್ನಾಗಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಕ್ಲಾಸು ಮುಗಿಯುವವರೆಗೂ ಮೆಟ್ಟಿಲ ಹತ್ತಿರವೇ ಸುಳಿದಾಡಿದೆ. ಕ್ಲಾಸು ಸುಸೂತ್ರವಾಗಿ ಮುಗಿಯಿತು, ಬ್ಯಾಚ್ ಉಳಿಯಿತು. ಪುಣ್ಯವೆಲ್ಲ ಆಂಟಿಯದು.

ಮರುದಿನ ಬೆಳಿಗ್ಗೆ ಬಂಗಲೆಯ ಧೂಳು ಒರೆಸಲು ಶೋಭಾ ಒದ್ದೆ ಬಟ್ಟೆ ಹಿಡಿದು ಸ್ಟೂಲು ಹತ್ತಿದಳು. ರೂಟರನ್ನೂ ಒರೆಸಿದಳು. ಕೆಂಪು ದೀಪ ಬಟ್ಟೆಗೆ ಬಂತು.

"ಏನ್ರೀ ಇದು? ಕುಂಕುಮ!"

ಆಯುಧಪೂಜೆಯ ದಿನ ಮನೆಯ ಯಂತ್ರಗಳಿಗೆಲ್ಲ ಕುಂಕುಮವಿಡುವುದು ನನ್ನ ಡಿಪಾರ್ಟ್‌ಮೆಂಟು. ಸ್ಕೂಟರು, ಮಿಕ್ಸಿ, ವಾಷಿಂಗ್ ಮೆಷಿನ್ನು, ಎಲ್ಲಕ್ಕೂ ಆಯಿತು. ರೂಟರಿನ ವೈರು ಕಿತ್ತು, ಕೆಳಗಿಳಿಸಿ, ಒರೆಸಿ, ಸರಿಯಾಗಿ ಆ ದೀಪದ ಮೇಲೆಯೇ ದುಂಡಗೆ ಇಟ್ಟಿದ್ದೆ. ವಾಪಸ್ ಸಿಕ್ಕಿಸುವಾಗ ಪವರ್ ಪಿನ್ನು ಪೂರ್ತಿ ಒಳಗೆ ಹೋಗಿರಲಿಲ್ಲ. (ಜೆಸಿಬಿ ಗುದ್ದಿದಾಗಲೆಲ್ಲ ಶೋಕೇಸು ಅದುರಿ ಅದು ಅಲುಗಾಡುತ್ತಿತ್ತು. ಅಷ್ಟರ ಮಟ್ಟಿಗೆ ನನ್ನ ಅನುಮಾನ ಸರಿ!) ಶೋಭಾ ಬೆರಳಿನಿಂದ ಒತ್ತಿದಳು. ಟಕ್ ಅಂತು. ಅಲ್ಲಿಂದೀಚೆಗೆ ನೆಟ್ ಹೋಗಿಲ್ಲ.

ಇದು ನನ್ನೊಬ್ಬನ ಕಥೆಯೇ? ಪ್ಯಾಂಟು ಬಿಗಿಯಾದರೆ ಟೈಲರನ್ನು ಬೈಯುತ್ತೇವೆ. ಬಿಪಿ ಏರಿದರೆ ಡಾಕ್ಟರ ಮೆಷಿನ್ನೇ ಸರಿಯಿಲ್ಲ ಅನ್ನುತ್ತೇವೆ. ನಾವೇ ಇಟ್ಟ ಕುಂಕುಮ ಬಿಟ್ಟು ಊರೆಲ್ಲ ಹುಡುಕುತ್ತೇವೆ.

ಡ್ರೈವರಿಗೆ ಟೀ ಕುಡಿಸಿ ಕ್ಷಮೆ ಕೇಳಿ, ನಡೆದದ್ದನ್ನೆಲ್ಲ ಹೇಳಿದೆ. "ಇರ್ಲಿ ಬಿಡ್ರಿ ಸರ" ಎಂದು ನಕ್ಕ. "ನಾ ಅಂತೂ ಲೈಟ್ ಬಿಟ್ಟು ಕುಂಕುಮ ಇಟ್ಟೀನ್ರಿ."

ಸಂಜೆ ಶೋಭಾ ಮತ್ತೆ ಲ್ಯಾಪ್‌ಟಾಪ್ ಹಿಡಿದು ಹೊರಟಳು. "ಎಲ್ಲಿಗೆ? ನಮ್ಮ ನೆಟ್ ಸರಿಹೋಯ್ತಲ್ಲ, ಇಲ್ಲೇ ಕ್ಲಾಸ್ ತಗೋ" ಅಂದೆ.

"ಬೇಡ ರೀ, ಆಂಟಿ ಮನೇಲೇ ತಗೋತೀನಿ. ಅಲ್ಲಿ ರಿಪೇರಿ ಮಾಡೋಕೆ ಗಂಡಸರು ಯಾರೂ ಇಲ್ಲ."