ಕಷಾಯ ಮಾತ್ರ

ಸುಮಿತ್ರ, ಅಕ್ಕಯ್ಯನ ಕಷಾಯಕ್ಕೆ ನಿದ್ದೆಮಾತ್ರೆ ಹಾಕಿದವನು ನಾನು. ನಿನ್ನ ಪುಡಿಯಲ್ಲಿ ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸು, ಒಣಶುಂಠಿ ಬಿಟ್ಟರೆ ಬೇರೇನೂ ಇರಲಿಲ್ಲ. ಇದು ನನಗೆ ಮೂರು ವರ್ಷದಿಂದ ಗೊತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ. ಅದಕ್ಕೆ ಕಾರಣ ಹುಡುಕಿ ಹುಡುಕಿ ಸಾಕಾಗಿದೆ. ಸಿಕ್ಕಿದ ಕಾರಣಗಳೆಲ್ಲ ನನ್ನನ್ನು ಉಳಿಸುವಂಥವೇ. ಆದ್ದರಿಂದ ಕಾರಣ ಬರೆಯುವುದಿಲ್ಲ, ನಡೆದದ್ದನ್ನು ಬರೆಯುತ್ತೇನೆ.

ಕೊಪ್ಪದಲ್ಲಿ ನನಗಿರುವ ಅಡ್ಡಹೆಸರು ನಿನಗೂ ಗೊತ್ತು — ಲಾಂಜ್ ಸುಬ್ರಾಯ. ಕಾಫಿ ರುಚಿ ನೋಡಿ ಹೇಳುವುದು ನನ್ನ ಕಸುಬು. ಆ ನೆಪದಲ್ಲಿ ವರ್ಷಕ್ಕೆರಡು ಬಾರಿ ಲಂಡನ್, ನ್ಯೂಯಾರ್ಕ್ ಅಂತ ಓಡಾಡುತ್ತಿದ್ದೆ. ಊರಿಗೆ ಬಂದು ಹೋಟೆಲಿನ ಬೆಂಚಿನ ಮೇಲೆ ಕೂತರೆ ನನ್ನದು ಒಂದೇ ಪುರಾಣ. ಏರ್‌ಪೋರ್ಟಿನ ಲಾಂಜಿನಲ್ಲೇ ಹೊಟ್ಟೆತುಂಬ ಉಂಡುಬಿಡಬೇಕು, ವಿಮಾನದ ಊಟಕ್ಕೆ ಕಾಯಬಾರದು. ಹೊದಿಕೆಯ ಮೇಲೆಯೇ ಬೆಲ್ಟು ಕಟ್ಟಿಕೊಳ್ಳಬೇಕು, ಆಗ ಯಾರೂ ಎಬ್ಬಿಸುವುದಿಲ್ಲ. ಕಣ್ಣಿಗೆ ಪಟ್ಟಿ, ಕಿವಿಗೆ ಬೆಣೆ. ನಡುವೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು, ಇಲ್ಲದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹೌದು, ಇದನ್ನೂ ಹೇಳುತ್ತಿದ್ದೆ. ಶಿವಮೊಗ್ಗದ ಆಚೆ ಕಾಲಿಡದವರಿಗೂ ಅಟ್ಲಾಂಟಿಕ್ ಮೇಲೆ ಮಲಗುವ ಪಾಠ ಮಾಡಿದವನು ನಾನು.

ಅಕ್ಕಯ್ಯನನ್ನು ನ್ಯೂಯಾರ್ಕಿಗೆ ಕರೆದುಕೊಂಡು ಹೋದದ್ದೂ ಅದೇ ಡೌಲಿಗೆ. ಭಾವ ತೀರಿಕೊಂಡ ಮೇಲೆ ಅವಳು ಕಿಗ್ಗ ಬಿಟ್ಟು ಕದಲಿರಲಿಲ್ಲ. ನನ್ನ ವಿಮಾನದ ಪಾಯಿಂಟುಗಳಲ್ಲಿ ಇನ್ನೊಂದು ಟಿಕೆಟ್ ಸಿಗುತ್ತಿತ್ತು. ಸ್ವಂತ ಅಕ್ಕ, ತಾಯಿಯಂತೆ ಸಾಕಿದವಳು, ಲೋಕ ನೋಡಲಿ ಅಂದೆ. ಅವಳೊಡನೆ ಲೋಕವೂ ನನ್ನನ್ನು ನೋಡಲಿ ಎಂಬುದು ಒಳಗಿನ ಆಸೆ. ಹೊರಡುವ ಹಿಂದಿನ ದಿನ ಆಚೆಮನೆಯಿಂದ ನೀನು ಬಂದು ಕಷಾಯಪುಡಿಯ ಡಬ್ಬಿ ಕೊಟ್ಟೆಯಲ್ಲ — "ಅಲ್ಲಿಯ ನೀರಿಗೆ ಹೊಟ್ಟೆ ಕೆಟ್ರೆ ಇದೇ ಮದ್ದು ಅಕ್ಕಯ್ಯ, ದಿನಾ ಒಂದು ಲೋಟ ಕುಡೀರಿ" ಅಂತ. ಅವಳು ಆ ಡಬ್ಬಿಯನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಂಡಳು.

ಹೋಗುವಾಗ ಅವಳಿಗೆ ವಿಮಾನವೆಂದರೆ ಪ್ರಾಣಭಯ. ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. "ಮಾಣಿ, ಇದು ಅಲ್ಲಾಡ್ತದಲ್ಲ", "ಮಾಣಿ, ಕೆಳಗೆ ಬರೀ ನೀರನಾ?" ಐವತ್ತೆಂಟು ವರ್ಷದ ನನ್ನನ್ನು ಇನ್ನೂ ಚಿಕ್ಕ ಹುಡುಗನೆಂಬಂತೆ ಮಾಣಿ ಅನ್ನುತ್ತಿದ್ದವಳು ಅವಳೊಬ್ಬಳೇ. ನನಗೆ ಒಂದು ಗಳಿಗೆಯೂ ಕಣ್ಣು ಮುಚ್ಚಲಾಗಲಿಲ್ಲ. ವಾಪಸು ಬರುವಾಗ ಲಂಡನ್ನಿನಲ್ಲಿ ಇಳಿದ ಬೆಳಿಗ್ಗೆಯೇ ನಾನು ಒಬ್ಬ ದೊಡ್ಡ ವ್ಯಾಪಾರಿಯ ಮುಂದೆ ಇಪ್ಪತ್ತು ಬಟ್ಟಲು ಕಾಫಿ ರುಚಿ ನೋಡಬೇಕಿತ್ತು. ನಿದ್ದೆಗೆಟ್ಟ ನಾಲಿಗೆಗೆ ಕಾಫಿಯೂ ಒಂದೇ, ಕಲಗಚ್ಚೂ ಒಂದೇ. ಈ ಸಲ ನಿದ್ದೆ ಆಗಲೇಬೇಕು ಎಂದು ಹಟ ಹಿಡಿದೆ.

ನ್ಯೂಯಾರ್ಕಿನ ಲಾಂಜಿನಲ್ಲಿ ಅವಳು ಮೆತ್ತನೆಯ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಸಾಲಾಗಿ ಇಟ್ಟಿದ್ದ ಹಣ್ಣು, ಅನ್ನ, ಸಿಹಿ ನೋಡಿ, "ಯಾರ ಮನೆ ಕಾರ್ಯ ಮಾರಾಯ ಇದು? ಮನೆಯವ್ರು ಒಬ್ರೂ ಕಾಣೂದಿಲ್ಲ" ಅಂದಳು. ನಾನು ನಕ್ಕೆ. ಅಕ್ಕಪಕ್ಕದವರು ತಿರುಗಿ ನೋಡುವಷ್ಟು ನಕ್ಕೆ. ಆಮೇಲೆ ಮಾತ್ರೆಯ ಹಾಳೆ ತೆಗೆದು, ಒಂದು ನುಂಗು, ಚೆನ್ನಾಗಿ ನಿದ್ದೆ ಬರುತ್ತದೆ ಅಂದೆ. ಅವಳು ಕೈ ಹಿಂದಕ್ಕೆಳೆದುಕೊಂಡಳು. "ಇಂಗ್ಲಿಷ್ ಮದ್ದು ನಂಗೆ ಬ್ಯಾಡ. ಕಷಾಯ ಮಾಡ್ಕೊಡು, ಸಾಕು."

ಮಾಡಿಕೊಟ್ಟೆ. ಯಂತ್ರದಿಂದ ಬಿಸಿನೀರು, ಜಗ್ಗಿನಿಂದ ಹಾಲು, ಅವಳ ಡಬ್ಬಿಯ ಬೆಲ್ಲ, ನಿನ್ನ ಪುಡಿ. ಅವಳಿಗೆ ಬೆನ್ನು ಹಾಕಿ ನಿಂತು, ಕಾಗದದ ಕರವಸ್ತ್ರದೊಳಗೆ ಮಾತ್ರೆಯಿಟ್ಟು ಚಮಚದ ಬೆನ್ನಿನಿಂದ ಪುಡಿ ಮಾಡಿದೆ. ನಾನು ನುಂಗುವುದು ಯಾವಾಗಲೂ ಅರ್ಧ. ಅವಳಿಗೆ ಪೂರ್ತಿ ಒಂದು ಹಾಕಿದೆ — ನಡುವೆ ಏಳಬಾರದು ಅಂತ. "ಸುಮಿತ್ರನ ಕೈ ರುಚಿ ಅಮೇರಿಕಕ್ಕೆ ಬಂದ್ರೂ ಕೆಡ್ಲಿಲ್ಲ ನೋಡು" ಎನ್ನುತ್ತ ಲೋಟ ಖಾಲಿ ಮಾಡಿದಳು.

ವಿಮಾನ ಮೇಲೇರುವಷ್ಟರಲ್ಲಿ ಅವಳು ನನ್ನ ಹೆಗಲಿಗೆ ಒರಗಿದ್ದಳು. ತಲೆಯನ್ನು ಮೆಲ್ಲಗೆ ಎತ್ತಿ ಕಿಟಕಿಯ ಕಡೆ ಇಟ್ಟೆ. ನಾನೂ ಮಲಗಿದೆ. ನಡುವೆ ಒಮ್ಮೆ ಬಾಯಾರಿ ಎಚ್ಚರವಾಯಿತು. ನೋಡಿದರೆ ಅವಳು ಕೂತ ಹಾಗೆಯೇ ಇದ್ದಾಳೆ. ಕಾಲು ಇಳಿಬಿದ್ದಿದೆ, ಕೈ ಮಡಿಲಲ್ಲಿದೆ, ಒಂದು ಬೆರಳೂ ಅಲ್ಲಾಡಿಲ್ಲ. ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಬೇಕು ಅನ್ನಿಸಿತು — ಸುಮಿತ್ರ, ಅನ್ನಿಸಿತು, ಇದನ್ನು ಮುಚ್ಚಿಡಲಾರೆ — ಎಬ್ಬಿಸಿದರೆ ಮತ್ತೆ ಕೈ ಹಿಡಿಯುತ್ತಾಳೆ, ಮತ್ತೆ ಪ್ರಶ್ನೆ ಶುರುವಾಗುತ್ತದೆ ಎಂದುಕೊಂಡು ಮಗ್ಗುಲು ಬದಲಿಸಿ ಮಲಗಿದೆ. ಅಷ್ಟು ಒಳ್ಳೆಯ ನಿದ್ದೆ ನನಗೆ ವಿಮಾನದಲ್ಲಿ ಎಂದೂ ಬಂದಿರಲಿಲ್ಲ.

ಲಂಡನ್ನಿನಲ್ಲಿ ಇಳಿದಾಗ ಅವಳನ್ನು ಅಲ್ಲಾಡಿಸಿ ಎಬ್ಬಿಸಬೇಕಾಯಿತು. ಕಣ್ಣು ತೇಲುತ್ತಿತ್ತು. ಎಡಗಾಲು ಊದಿಕೊಂಡು ಚಪ್ಪಲಿಯೊಳಗೆ ಹೋಗಲಿಲ್ಲ. ನನ್ನ ತೋಳು ಹಿಡಿದು ವಿಮಾನದಿಂದ ಹೊರಗೆ ಒಂದಷ್ಟು ದೂರ ನಡೆದಳು. "ಮಾಣಿ, ಉಸ್ರು ಸಿಗ್ತಿಲ್ಲ" ಎಂದವಳು ಅಲ್ಲೇ ಕುಸಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಪೆನ್ನು ಹಿಡಿದು ಕೇಳಿದರು: ಇವರು ಏನಾದರೂ ಮಾತ್ರೆ ತೆಗೆದುಕೊಂಡಿದ್ದರೇ? ಇಲ್ಲ ಅಂದೆ. ಒಂದು ಗಿಡಮೂಲಿಕೆ ಪಾನೀಯ ಕುಡಿದಿದ್ದರು, ಅಷ್ಟೇ ಅಂದೆ. ಅದರಲ್ಲಿ ಏನೇನಿತ್ತು ಎಂದರು. ಗೊತ್ತಿಲ್ಲ, ಊರಲ್ಲಿ ಯಾರೋ ಮಾಡಿಕೊಟ್ಟಿದ್ದು ಅಂದೆ. ಮೂವತ್ತು ವರ್ಷ ಅವಳ ಆಚೆಮನೆಯಲ್ಲಿದ್ದ ನೀನು ಒಂದೇ ಮಾತಿಗೆ 'ಯಾರೋ' ಆಗಿಬಿಟ್ಟೆ. ಸ್ವಲ್ಪ ಹೊತ್ತಿಗೆ ಅವಳ ಮಗ ರಮೇಶನ ಫೋನು ಬಂತು. "ಮಾವ, ಅಮ್ಮ ಎಂತ ತಗಂಡಿದ್ರು?"

"ಕಷಾಯ ಮಾತ್ರ" ಅಂದೆ.

ಆ ಕೊನೆಯ ಅಕ್ಷರಕ್ಕೆ ಒಂದು ಎತ್ವ ಹಚ್ಚಿದ್ದರೆ ಸತ್ಯವಾಗುತ್ತಿತ್ತು. ಕಷಾಯ, ಮಾತ್ರೆ. ನಾಲಿಗೆ ಅದರ ಹತ್ತಿರ ಹೋಗಿ ನಿಂತದ್ದು ನನಗೆ ಇವತ್ತಿಗೂ ನೆನಪಿದೆ. ಅವಳು ಉಳಿಯುತ್ತಾಳೋ ಇಲ್ಲವೋ ಗೊತ್ತಿಲ್ಲದ ಹೊತ್ತಿನಲ್ಲಿ ನಾನು ಯೋಚಿಸಿದ್ದು ನನ್ನ ಬಗ್ಗೆ.

ಅವಳು ಉಳಿದಳು. ಅಲ್ಲಾಡದೆ ಕೂತದ್ದರಿಂದ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಆದರೆ ಅವರು ಕೊಟ್ಟ ಕಾಗದದಲ್ಲಿ ಇನ್ನೊಂದು ಸಾಲೂ ಇತ್ತು: ಗಿಡಮೂಲಿಕೆ ಪಾನೀಯ ಕುಡಿದಿದ್ದರು, ವಿವರ ತಿಳಿಯದು. ಊರಿಗೆ ಬಂದ ಮೇಲೆ ಉಳಿದದ್ದು ಆ ಸಾಲು ಒಂದೇ. ಲಂಡನ್ನಿನ ಡಾಕ್ಟರೇ ಬರೆದುಕೊಟ್ಟಿದ್ದಾರಂತೆ ಎಂದು ಕಿಗ್ಗದಿಂದ ಹೊರಟ ಸುದ್ದಿ ಶೃಂಗೇರಿ, ಕೊಪ್ಪ ಮುಟ್ಟಲು ಎರಡು ದಿನ ಬೇಕಾಗಲಿಲ್ಲ. ಕೇಳಿದವರಿಗೆ ನಾನು ಹೇಳುತ್ತಿದ್ದದ್ದು ಇಷ್ಟೇ — ಕಷಾಯ ಕುಡಿದ ಮೇಲೇ ಹೀಗಾದದ್ದು. ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಆ ಧೈರ್ಯದ ಮೇಲೆಯೇ ಎಲ್ಲರ ಮುಖ ನೋಡಿ ಮಾತಾಡುತ್ತಿದ್ದೆ. ಅಂಗಡಿಯವರು ನೀನು ಮಾರಲು ಕೊಟ್ಟಿದ್ದ ಕಷಾಯಪುಡಿಯ ಪೊಟ್ಟಣಗಳನ್ನು ವಾಪಸು ಕಳಿಸಿದರು. ಎನ್.ಆರ್. ಪುರದ ಬಾಣಂತಿ ಮನೆಯವರು ನಿನ್ನ ಪುಡಿಯನ್ನು ತಿಪ್ಪೆಗೆ ಸುರಿದರಂತೆ. ಕಿಗ್ಗದಲ್ಲಿ ಬದುಕು ಸಾಗದೆ ನೀನು ಅದೇ ಎನ್.ಆರ್. ಪುರದಲ್ಲಿ ಒಂದು ಹಾಸ್ಟೆಲಿನ ಕೆಲಸಕ್ಕೆ ಸೇರಿದೆ. ಅಲ್ಲಿಯೂ ನಿನಗೆ ಪಾತ್ರೆ ತೊಳೆಯುವ ಕೆಲಸವಂತೆ, ಬೇಯಿಸಲು ಬಿಡುವುದಿಲ್ಲವಂತೆ.

ನೀನು ಊರು ಬಿಡುವ ಮೊದಲು ಒಂದು ಮಧ್ಯಾಹ್ನ ಅಕ್ಕಯ್ಯನನ್ನು ನೋಡಲು ಬಂದಿದ್ದೆ. ಕೈಯಲ್ಲಿ ಗಂಜಿಯ ಪಾತ್ರೆ. ಅವಳು ಮಂಚದ ಮೇಲಿಂದಲೇ ಕೈ ಅಡ್ಡ ಮಾಡಿದಳು. "ಬ್ಯಾಡ ಸುಮಿತ್ರ. ನಿಂಗೆ ಬೇಜಾರಾಗ್ತದೆ, ಗೊತ್ತು. ಆದ್ರೂ ನಂಗೆ ಹೆದ್ರಿಕೆ ಮಾರಾಯ್ತಿ."

ನೀನು ನನ್ನ ಕಡೆ ತಿರುಗಿದೆ. "ಸುಬ್ರಾಯಣ್ಣ, ನೀವು ಅಲ್ಲೇ ಇದ್ರಲ್ಲ. ನೀವೇ ಹೇಳಿ. ಅದ್ರಲ್ಲಿ ಎಂತ ಇತ್ತು?"

"ನಂಗೆಂತ ಗೊತ್ತು ಮಾರಾಯ್ತಿ" ಅಂದೆ.

ಲಂಡನ್ನಿನಲ್ಲಿ ಹೇಳಿದ ಸುಳ್ಳಿಗೆ ಗಾಬರಿ ಕಾರಣ ಎಂದಾದರೂ ಹೇಳಬಹುದು. ಇದಕ್ಕೆ? ಹೊಟ್ಟೆತುಂಬ ಉಂಡು, ಆರಾಮಕುರ್ಚಿಯಲ್ಲಿ ಕೂತು, ನಿನ್ನ ಕಣ್ಣನ್ನೇ ನೋಡುತ್ತ ಹೇಳಿದ ಮಾತು ಅದು. ನೀನು ಪಾತ್ರೆ ಎತ್ತಿಕೊಂಡು ಮೆಟ್ಟಿಲಿಳಿದು ಹೋದೆ. ನಾನು ಪೇಪರು ಓದುವುದನ್ನು ಮುಂದುವರಿಸಿದೆ.

ಆಮೇಲೆ ಎರಡು ವರ್ಷ ಬದುಕಿದ್ದ ಅಕ್ಕಯ್ಯ ಹೋಗಿ ಈಗ ವರ್ಷವಾಗುತ್ತ ಬಂತು. ನಿನ್ನೆ ರಮೇಶನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಅವನು, "ವರ್ಷಾಂತಿಕಕ್ಕೆ ನೀವು ಬರೂದು ಬ್ಯಾಡ ಮಾವ" ಅಂದ. ಆದರೂ ಹೋಗುತ್ತೇನೆ. ಒಳಗೆ ಕಾಲಿಡುವುದಿಲ್ಲ. ನೆಂಟರೆಲ್ಲ ಸೇರಿರುತ್ತಾರೆ, ನಿನ್ನ ಪೊಟ್ಟಣ ಮಾರುತ್ತಿದ್ದ ಅಂಗಡಿಯವರೂ ಬರುತ್ತಾರೆ. ಎಲೆ ಹಾಕುವ ಮೊದಲು ಅಂಗಳದಲ್ಲಿ ನಿಂತು, ಈಗ ನಿನಗೆ ಬರೆದದ್ದನ್ನೇ ಅವರಿಗೆ ಹೇಳುತ್ತೇನೆ. ಪೊಲೀಸಿಗೆ ಕೊಡುವುದಾದರೆ ರಮೇಶ ಕೊಡಲಿ. ನೀನು ಬರಬೇಕಾಗಿಲ್ಲ. ಕ್ಷಮಿಸು ಎಂದು ಕೇಳುವುದೂ ಇಲ್ಲ, ಕೇಳಿದರೆ ಅದೂ ನಿನ್ನ ತಲೆಯ ಮೇಲೆ ಇನ್ನೊಂದು ಕೆಲಸ.

ಅಂಗಡಿಯವರಿಗೆ ಹೇಳಬಹುದು, ಊರಿಗೆ ಹೇಳಬಹುದು. ಹೇಳಬೇಕಾಗಿದ್ದ ಒಬ್ಬಳಿಗೆ ಇನ್ನು ಹೇಳಲಾಗುವುದಿಲ್ಲ. ಅಕ್ಕಯ್ಯ ನಿನಗೆ ಹೆದರಿಕೊಂಡೇ ಸತ್ತಳು, ಸುಮಿತ್ರ. ಕೊನೆಯ ದಿನ ಮಗ ಕೊಟ್ಟರೂ ಬೇಡವೆಂದು, ಮಾಣಿಯೇ ಕೊಡಲಿ ಎಂದು ನನ್ನ ಕೈಯಿಂದ ನೀರು ಕುಡಿದಳು.