ಮುಂದಿನ ನಿಲ್ದಾಣ ಕಲ್ಲೂರು

ನಾನು ಕೆಲಸ ಮಾಡುವುದು ಮಾನ್ವಿಯ ಒಂದು ಸರ್ಕಾರಿ ಕಚೇರಿಯಲ್ಲಿ, ಕಂಪ್ಯೂಟರಿನ ಮುಂದೆ. ಮನೆ ರಾಯಚೂರಿನಲ್ಲಿ. ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಈ ದಾರಿಯಲ್ಲಿ ನನ್ನಂತೆ ದಿನಾ ಓಡಾಡುವವರು ಎಷ್ಟೋ ಜನ. ನನಗೂ ಅವರಿಗೂ ಇರುವ ವ್ಯತ್ಯಾಸ ಒಂದೇ: ನನಗೆ ಕಿವಿ ಕೇಳಿಸುವುದಿಲ್ಲ.

ಹುಟ್ಟಿದಾಗಿನಿಂದ ಹೀಗಿರಲಿಲ್ಲ. ಮೂರನೆಯ ಇಯತ್ತೆಯಲ್ಲಿದ್ದಾಗ ದೊಡ್ಡ ಜ್ವರ ಬಂತು. ಹೋಗುವಾಗ ಅದು ಕಿವಿಯನ್ನೂ ಕರೆದುಕೊಂಡು ಹೋಯಿತು. ಅಷ್ಟು ಹೊತ್ತಿಗೆ ಮಾತು ಕಲಿತಾಗಿತ್ತು, ಹಾಗಾಗಿ ಮಾತಾಡುತ್ತೇನೆ. ಎದುರಿಗೆ ನಿಂತು ಮಾತಾಡಿದವರ ತುಟಿ ನೋಡಿ ಬಹಳಷ್ಟು ತಿಳಿದುಕೊಳ್ಳುತ್ತೇನೆ. ನನ್ನ ದನಿ ಎಷ್ಟು ಜೋರು ಎಂಬುದು ಮಾತ್ರ ನನಗೆ ಗೊತ್ತಾಗುವುದಿಲ್ಲ. ಮದುವೆ ಮನೆಗಳಲ್ಲಿ ನಾನು ಬಾಯಿ ತೆರೆದರೆ ಸಾಕು, ಯವ್ವ ಅಂಗೈಯನ್ನು ಕೆಳಗೆ ಕೆಳಗೆ ಮಾಡಿ ತೋರಿಸುತ್ತಿದ್ದಳು. ಮೆಲ್ಲಗೆ, ಇನ್ನೂ ಮೆಲ್ಲಗೆ ಎಂದು ಅದರ ಅರ್ಥ.

ಯವ್ವ ಹೊಲದ ಕೂಲಿ ಮಾಡಿ ನಮ್ಮಿಬ್ಬರನ್ನು, ಅಂದರೆ ಅಕ್ಕನನ್ನೂ ನನ್ನನ್ನೂ, ಓದಿಸಿದವಳು. ನನಗೆ ಕೆಲಸ ಸಿಕ್ಕ ಸುದ್ದಿ ಬಂದ ದಿನ ಅವಳು ಕೇಳಿದ ಮೊದಲ ಮಾತು, "ಬಸ್ಸಿನ್ಯಾಗ ಹ್ಯಾಂಗ ಹೋಗ್ತಿ?" ಶುರುವಿನ ದಿನಗಳಲ್ಲಿ ತಾನೇ ಮಾನ್ವಿಯವರೆಗೆ ಬಂದು, ಕಚೇರಿಯ ಮೆಟ್ಟಿಲ ಮೇಲೆ ಕುಳಿತು, ಸಂಜೆ ಕರೆದುಕೊಂಡು ಹೋಗುತ್ತಿದ್ದಳು. ಇದು ಬಹಳ ದಿನ ನಡೆಯುವಂಥದ್ದಲ್ಲ ಎಂದು ಗೊತ್ತಾದ ಮೇಲೆ ಬಸ್‌ಸ್ಟ್ಯಾಂಡಿಗೆ ಬಂದು ಕಂಡಕ್ಟರರಿಗೆ ಒಪ್ಪಿಸತೊಡಗಿದಳು.

"ಈಕಿಗೆ ಕಿವಿ ಕೇಳಂಗಿಲ್ರಿ. ಮಾನ್ವಿಯಾಗ ಇಳಸ್ರಿ ಯಪ್ಪಾ, ಮರೀಬ್ಯಾಡ್ರಿ."

ಕಂಡಕ್ಟರರು ತಲೆಯಾಡಿಸುತ್ತಿದ್ದರು. ಸುತ್ತಲಿನವರೆಲ್ಲ ನನ್ನ ಕಡೆ ತಿರುಗುತ್ತಿದ್ದರು. ಯಾರೋ ಜಾಗ ಬಿಟ್ಟುಕೊಡುತ್ತಿದ್ದರು, ಯಾರೋ ನನ್ನ ಮುಖದ ಹತ್ತಿರ ಬಂದು ಬಾಯಿ ದೊಡ್ಡದು ಮಾಡುತ್ತಿದ್ದರು. ಎಲ್ಲರೂ ಒಳ್ಳೆಯವರೇ. ಆದರೂ ಪದವಿ ಪಡೆದು, ಸಂಬಳ ಎಣಿಸುವ ಹೆಂಗಸೊಬ್ಬಳು ಪಾರ್ಸೆಲ್ಲಿನ ಹಾಗೆ ಕೈಯಿಂದ ಕೈಗೆ ದಾಟುವುದು ನನಗೆ ಬೇಸರ ತರುತ್ತಿತ್ತು.

ಹೇಳಿಸಿಕೊಳ್ಳದೆ ಹೋಗೋಣವೆಂದರೆ ಕಷ್ಟವಿತ್ತು. ಕಂಡಕ್ಟರರು ಊರಿನ ಹೆಸರು ಕೂಗುವುದು ಬಾಗಿಲ ಕಡೆ ಮುಖ ಮಾಡಿ. ನನಗೆ ಕಾಣುವುದು ಅವರ ಬೆನ್ನು. ಆದ್ದರಿಂದ ದಾರಿಯುದ್ದಕ್ಕೂ ಕಿಟಕಿಯೇ ನನ್ನ ಕಿವಿಯಾಗಿತ್ತು. ಅಸ್ಕಿಹಾಳ ದಾಟಿದ ಮೇಲೆ ಬಯಲು, ಕಲ್ಲೂರಿನ ಹತ್ತಿರ ಒಂದು ದೊಡ್ಡ ಬೇವಿನ ಮರ, ನೀರಮಾನ್ವಿಯ ಗುಡ್ಡ, ಆಮೇಲೆ ಕಾಲುವೆ ನೀರಿನ ಭತ್ತದ ಹಸಿರು. ಮಳೆ ಬಂದು ಗಾಜು ಮುಚ್ಚಿದರೆ, ಜನ ನಿಂತು ಕಿಟಕಿ ಮರೆಯಾದರೆ, ಸೀಟಿನ ತುದಿಯಲ್ಲಿ ಕುಳಿತು ಕತ್ತು ಚಾಚಿ ಚಾಚಿ ನೋಯಿಸಿಕೊಳ್ಳುತ್ತಿದ್ದೆ.

ಒಂದು ಬೆಳಗ್ಗೆ ರಾಯಚೂರಿನ ನಿಲ್ದಾಣದಲ್ಲಿ ಮಾನ್ವಿಯ ಕಡೆಗೆ ಹೊಸ ಬಸ್ಸೊಂದು ನಿಂತಿತ್ತು. ಹತ್ತಿ ಕುಳಿತೆ. ಡ್ರೈವರನ ತಲೆಯ ಮೇಲೆ ಉದ್ದನೆಯ ಕಪ್ಪು ಪಟ್ಟಿ ಇತ್ತು. ಗಡಿಯಾರ ಇರಬೇಕು ಅಂದುಕೊಂಡೆ. ಬಸ್ಸು ಹೊರಟಿತು, ಪಟ್ಟಿಯ ಮೇಲೆ ಕೆಂಪು ಅಕ್ಷರಗಳು ಬಲದಿಂದ ಎಡಕ್ಕೆ ನಡೆದುಬಂದವು.

"ಮುಂದಿನ ನಿಲ್ದಾಣ ಅಸ್ಕಿಹಾಳ."

ನಾನು ಸುತ್ತಲೂ ನೋಡಿದೆ. ಯಾರೂ ಅದರ ಕಡೆ ಕಣ್ಣೆತ್ತಿರಲಿಲ್ಲ. ಮೊಬೈಲು ನೋಡುವವರು ಮೊಬೈಲು ನೋಡುತ್ತಿದ್ದರು, ತೂಕಡಿಸುವವರು ತೂಕಡಿಸುತ್ತಿದ್ದರು. ಅಸ್ಕಿಹಾಳ ಬಂತು, ಹೋಯಿತು. ಅಕ್ಷರಗಳು ಬದಲಾದವು. "ಮುಂದಿನ ನಿಲ್ದಾಣ ಸಾತ್ ಮೈಲ್ ಕ್ರಾಸ್." ಬಸ್ಸಿನಲ್ಲಿ ಎಲ್ಲರಿಗೂ ಹೇಳುವ ಮಾತೊಂದು ನನಗೂ ಅದೇ ಹೊತ್ತಿಗೆ, ಅಷ್ಟೇ ಸಲೀಸಾಗಿ ತಲುಪಿದ್ದು ಜ್ವರ ಬಂದ ಮೇಲೆ ಅದೇ ಮೊದಲು. ನನಗೆ ನಗು ಬಂತು. ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕೆ. ಬೆನ್ನನ್ನು ಸೀಟಿಗೆ ಆನಿಸಿ ಕುಳಿತಾಗ ಈ ಸೀಟಿಗೆ ಇಷ್ಟು ಮೆತ್ತನೆಯ ಬೆನ್ನಿದೆಯೇ ಅನಿಸಿತು.

ಪಕ್ಕದಲ್ಲಿ ಒಬ್ಬ ಅಜ್ಜಿ ಕುಳಿತಿದ್ದಳು, ಕಾಲ ಬಳಿ ಬುಟ್ಟಿ. ಕಲ್ಲೂರಿನವಳು. ನಸುಕಿನಲ್ಲೇ ಪುಂಡಿಪಲ್ಲೆ ಸೊಪ್ಪು ತಂದು ರಾಯಚೂರಿನಲ್ಲಿ ಮಾರಿ ಇದೇ ಬಸ್ಸಿಗೆ ವಾಪಸಾಗುವವಳು. ಇದೆಲ್ಲ ಆಮೇಲೆ ತಿಳಿಯಿತು. ಅವತ್ತು ಅವಳು ನನ್ನ ತೋಳು ತಿವಿದು, ಪಟ್ಟಿಯ ಕಡೆ ಕೈ ಮಾಡಿ ಏನೋ ಕೇಳಿದಳು.

"ನನಗ ಕಿವಿ ಕೇಳಂಗಿಲ್ಲಬೇ," ಎಂದೆ.

ಅವಳು ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಮತ್ತೆ ಕೇಳಿದಳು. ಈ ಸಲ ತುಟಿ ಚೆನ್ನಾಗಿ ಕಂಡಿತು. "ಆ ಕೆಂಪು ಅಕ್ಷರ ಏನಂತಾವ? ನನಗ ಓದಾಕ ಬರಂಗಿಲ್ಲ."

ಅದೇ ಹೊತ್ತಿಗೆ ಅಕ್ಷರ ಬದಲಾಗಿತ್ತು. ನಾನು ಓದಿ ಹೇಳಿದೆ, "ಮುಂದ ಕಲ್ಲೂರು."

ಎಷ್ಟು ಜೋರಾಗಿ ಹೇಳಿದೆನೋ, ಇಡೀ ಬಸ್ಸು ನನ್ನ ಕಡೆ ತಿರುಗಿತು. ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದವರು ಎದ್ದು ಚೀಲ ಹುಡುಕತೊಡಗಿದರು. ಒಬ್ಬ ಹೆಂಗಸು ಕೂಸನ್ನು ಎತ್ತಿಕೊಂಡು ಬಾಗಿಲ ಕಡೆ ನಡೆದಳು. ನನಗೆ ನಾಚಿಕೆಯಾಗಿ ತಲೆ ತಗ್ಗಿಸಿದೆ. ಅಂಗೈ ಕೆಳಗೆ ಮಾಡಿ ತೋರಿಸಲು ಯವ್ವ ಅಲ್ಲಿರಲಿಲ್ಲ.

ಆಗ ಕಂಡಕ್ಟರು ಬಂದು ನನ್ನ ಮುಂದೆ ನಿಂತಳು. ಹೆಣ್ಣುಮಗಳು, ನನ್ನ ವಯಸ್ಸಿನವಳೇ, ಕೊರಳಿಗೆ ಉಣ್ಣೆಯ ಮಫ್ಲರು ಸುತ್ತಿಕೊಂಡಿದ್ದಳು. ತನ್ನ ಗಂಟಲು ಮುಟ್ಟಿ ತೋರಿಸಿ, ನನಗೆ ಕಾಣುವಂತೆ ನಿಧಾನವಾಗಿ ಹೇಳಿದಳು. "ಅಕ್ಕಾರ, ಗಂಟಲ ಹಿಡದದ್ರಿ. ಊರು ಬಂದಂಗ ನೀವ ಹೇಳ್ರಿ. ನಿಮ್ಮ ದನಿ ಡ್ರೈವರನ ತನಕ ಮುಟ್ಟತದ."

ನಾನು ಅವಳು ಅಣಕಿಸುತ್ತಿದ್ದಾಳೆಯೇ ಎಂದು ಮುಖ ನೋಡಿದೆ. ಇಲ್ಲ, ನಿಜವಾಗಿಯೂ ಕೇಳುತ್ತಿದ್ದಳು. ನೀರಮಾನ್ವಿ ಬಂದಾಗ ನಾನು ಹೇಳಿದೆ. ಮಾನ್ವಿ ಬಂದಾಗಲೂ ಹೇಳಿದೆ. ಇಳಿಯುವಾಗ ಅವಳು ನನಗೊಂದು ಸಲಾಮು ಹೊಡೆದಳು.

ಅವಳ ಗಂಟಲು ವಾಸಿಯಾದ ಮೇಲೂ ಆ ಕೆಲಸ ನನ್ನಲ್ಲೇ ಉಳಿಯಿತು. ನಾನು ಕೂರುವ ಮುಂದಿನ ಸೀಟು ನನಗಾಗಿ ಖಾಲಿ ಇರುತ್ತಿತ್ತು. ಅಜ್ಜಿ ಕೆಲವು ದಿನ ಒಂದು ಹಿಡಿ ಪುಂಡಿಪಲ್ಲೆ ಉಳಿಸಿಕೊಂಡು ಬಂದು ನನ್ನ ಚೀಲಕ್ಕೆ ತುರುಕುತ್ತಿದ್ದಳು. ಹೊಸದಾಗಿ ಹತ್ತಿದವರು ಮೊದಲ ಸಲ ನನ್ನ ದನಿಗೆ ಬೆಚ್ಚುತ್ತಿದ್ದರು, ಎರಡನೆಯ ಊರಿನ ಹೊತ್ತಿಗೆ ನಗುತ್ತಿದ್ದರು, ಮೂರನೆಯ ಊರಿಗೆ ಮುಂಚೆ "ಯಾವೂರು ಬಂತ್ರಿ ಮೇಡಂ" ಎಂದು ನನ್ನನ್ನೇ ಕೇಳುತ್ತಿದ್ದರು. ಬಸ್ಸಿನಲ್ಲಿ ಕಿವಿ ಕೇಳದವಳು ಕೂಗುವವಳಾದದ್ದು ಯಾರಿಗೂ ವಿಚಿತ್ರ ಅನಿಸಲಿಲ್ಲ. ನನಗೂ ಕೆಲವು ವಾರಗಳಲ್ಲಿ ರೂಢಿಯಾಯಿತು.

ಒಂದು ದಿನ ಆ ಪಟ್ಟಿಗೆ ತಲೆ ಕೆಟ್ಟಿತು. ರಾಯಚೂರು ಬಿಟ್ಟು ಇನ್ನೂ ಸ್ವಲ್ಪ ಹೊತ್ತಾಗಿತ್ತಷ್ಟೆ, ನಾನು ಡಬ್ಬಿ ತೆಗೆದು ಉಪ್ಪಿಟ್ಟು ತಿನ್ನುತ್ತಿದ್ದೆ. ತಲೆಯೆತ್ತಿದಾಗ "ಮುಂದಿನ ನಿಲ್ದಾಣ ನೀರಮಾನ್ವಿ" ಎಂದಿತ್ತು. ನಾನು ಕಿಟಕಿಯ ಕಡೆ ನೋಡುವುದನ್ನು ಬಿಟ್ಟು ಬಹಳ ದಿನವಾಗಿತ್ತು. ನಂಬಿ ಕೂಗಿಯೇ ಬಿಟ್ಟೆ. ನಿದ್ದೆಯಲ್ಲಿದ್ದ ದಪ್ಪ ಮೀಸೆಯ ಗೃಹಸ್ಥರೊಬ್ಬರು ಗಡಬಡಿಸಿ ಎದ್ದು, ಮೇಲಿನಿಂದ ಗೊಬ್ಬರದ ಚೀಲ ಇಳಿಸಿಕೊಂಡು ಬಾಗಿಲಿಗೆ ಬಂದು ನಿಂತರು. ಹೊರಗೆ ನೋಡಿ, ನನ್ನನ್ನು ನೋಡಿ, ಮತ್ತೆ ಹೊರಗೆ ನೋಡಿದರು.

"ಏನ್ರೀ ಮೇಡಂ, ಅಸ್ಕಿಹಾಳ ಯಾವಾಗ ನೀರಮಾನ್ವಿ ಆತ್ರಿ?"

ಬಸ್ಸಿಗೆ ಬಸ್ಸೇ ನಕ್ಕಿತು. ನಗುವ ಬಾಯಿಗಳ ನಡುವೆ ಕುಳಿತು, ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಒದ್ದಾಡುವುದು ನನಗೆ ಚಿಕ್ಕಂದಿನಿಂದ ಗೊತ್ತು. ಅವತ್ತು ಕಾರಣ ಗೊತ್ತಿತ್ತು, ಮೀಸೆಯವರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ನಾನೂ ನಕ್ಕೆ. ಮಾನ್ವಿಗೆ ಹೋಗುವ ಬಸ್ಸಿನ ಪಟ್ಟಿಯಲ್ಲಿ ಮಾನ್ವಿಯಿಂದ ಬರುವ ದಾರಿಯ ಊರುಗಳು ಬೀಳುತ್ತಿವೆ ಎಂದು ಕಂಡಕ್ಟರು ಕೈಯಾಡಿಸಿ ತಿಳಿಸಿದಳು. ನಾನು ಸುಮ್ಮನೆ ಕುಳಿತದ್ದು ನೋಡಿ ಹೇಳಿದಳು, "ಬೋರ್ಡ ಕೆಟ್ಟದ, ನೀವ್ಯಾಕ ಸುಮ್ಕ ಆದ್ರಿ? ಹೇಳ್ರಿ ಮತ್ತ."

ಬೇವಿನ ಮರ, ಗುಡ್ಡ, ಭತ್ತದ ಗದ್ದೆ, ಎಲ್ಲ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಅವನ್ನು ನೋಡಿಕೊಂಡು ಮಾನ್ವಿಯವರೆಗೆ ಕೂಗಿದೆ. ಒಂದೂ ತಪ್ಪಲಿಲ್ಲ. ಮೀಸೆಯವರು ಮಾತ್ರ ನೀರಮಾನ್ವಿಯಲ್ಲಿ ಇಳಿಯುವ ಮುನ್ನ ಬೇಕೆಂದೇ ಕಂಡಕ್ಟರನ್ನು ಇನ್ನೊಂದು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಮಳೆಗಾಲದಲ್ಲಿ ದೇವದುರ್ಗದಲ್ಲಿರುವ ಅಕ್ಕನಿಗೆ ಎರಡನೆಯ ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು. ಯವ್ವ ಕೆಲಸಕ್ಕೆ ನೆರವಾಗಲು ಮೊದಲೇ ಹೋಗಿದ್ದಳು. ನಾನು ಹಿಂದಿನ ದಿನ ಕಚೇರಿ ಮುಗಿಸಿ ರಾಯಚೂರಿಗೆ ಬಂದು ಅಲ್ಲಿಂದ ದೇವದುರ್ಗದ ಬಸ್ಸು ಹಿಡಿಯಬೇಕಿತ್ತು. ಆ ದಾರಿಯಲ್ಲಿ ನಾನು ಒಬ್ಬಳೇ ಎಂದೂ ಹೋದವಳಲ್ಲ. ಯವ್ವ ವಿಡಿಯೊ ಕಾಲ್ ಮಾಡಿ ಮೊಬೈಲಿನ ತುಂಬ ಬರೀ ಬಾಯಿ ಕಾಣುವಂತೆ ಹಿಡಿದುಕೊಂಡಳು.

"ಕಂಡಕ್ಟರಗ ಹೇಳಿ ಕುಂದ್ರು ಬೇ. ಗಬ್ಬೂರಾಗ ಇಳದಗಿಳದಿ."

ಆಯಿತು ಎಂದು ತಲೆಯಾಡಿಸಿದೆ.

ನಿಲ್ದಾಣದಲ್ಲಿ ದೇವದುರ್ಗಕ್ಕೆ ಹಳೆಯ ಬಸ್ಸೊಂದು ಹೊರಡಲು ತಯಾರಾಗಿತ್ತು. ಹತ್ತಲಿಲ್ಲ. ಶೇಂಗಾ ತಗೊಂಡು ತಿನ್ನುತ್ತ ನಿಂತೆ. ಕೆಂಪು ಅಕ್ಷರದ ಬಸ್ಸು ಬಂತು, ಅದಕ್ಕೆ ಹತ್ತಿದೆ. ಟಿಕೆಟ್ಟು ಕೊಡಲು ಬಂದ ಕಂಡಕ್ಟರನಿಗೆ "ದೇವದುರ್ಗ" ಎಂದೆ. ಬೇರೇನೂ ಹೇಳಲಿಲ್ಲ. ಕಲ್ಮಲ ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಎಲ್ಲರೂ ಗಾಜು ಎಳೆದುಕೊಂಡರು, ಹೊರಗೆ ಏನೂ ಕಾಣದಾಯಿತು. ಹಳೆಯ ರೂಢಿಯಂತೆ ಸೀಟಿನ ತುದಿಗೆ ಸರಿದೆ. ತಲೆಯೆತ್ತಿದೆ. "ಮುಂದಿನ ನಿಲ್ದಾಣ ಗಬ್ಬೂರು." ಇನ್ನೊಂದು ಶೇಂಗಾ ಒಡೆದು ಬಾಯಿಗೆ ಹಾಕಿಕೊಂಡೆ.

ದೇವದುರ್ಗದಲ್ಲಿ ಹಿಂದಿನ ಬಾಗಿಲಿನಿಂದ ಇಳಿದೆ. ಮಳೆ ಸಣ್ಣಗಾಗಿತ್ತು. ಯವ್ವ ಛತ್ರಿ ಹಿಡಿದು ಮುಂದಿನ ಬಾಗಿಲಿನ ಹತ್ತಿರ ನಿಂತು ಕಂಡಕ್ಟರನನ್ನು ಅಡ್ಡ ಹಾಕಿದ್ದಳು. ಅವಳ ಬೆನ್ನು ನನ್ನ ಕಡೆಗಿತ್ತು, ಏನು ಕೇಳಿದಳೆಂದು ಕಾಣಲಿಲ್ಲ. ಕೇಳಬಹುದಾದದ್ದು ಒಂದೇ. ಕಂಡಕ್ಟರನ ಮುಖ ನನಗೆ ಎದುರಿಗಿತ್ತು, ಅವನು ಹೇಳಿದ್ದು ಅಕ್ಷರ ಅಕ್ಷರವಾಗಿ ಕಂಡಿತು.

"ಕಿವಿ ಕೇಳದವ್ರು ನನ್ನ ಬಸ್ಸಿನ್ಯಾಗ ಯಾರೂ ಇದ್ದಿಲ್ಲ ಬಿಡವ್ವಾ."

ಆ ಮಾತು ಓದಿ ನನ್ನೊಳಗೆ ಆದ ಹಿಗ್ಗನ್ನು ಹೇಗೆ ಹೇಳಲಿ. ನೌಕರಿಯ ಆದೇಶ ಕೈಗೆ ಬಂದಾಗಲೂ ಅಷ್ಟು ಹಿಗ್ಗಿರಲಿಲ್ಲ. ಯವ್ವ ಛತ್ರಿ ಹಿಡಿದೇ ಬಸ್ಸಿನೊಳಗೆ ಇಣುಕತೊಡಗಿದಳು. ಓಡಿಹೋಗಿ ಹಿಂದಿನಿಂದ ಅವಳ ಹೆಗಲು ಮುಟ್ಟಿದೆ.

ಅವಳು ತಿರುಗಿದಳು. ನನ್ನನ್ನು ನೋಡಿ ಛತ್ರಿಯ ಹಿಡಿಕೆಯಿಂದ ತೋಳಿಗೊಂದು ಕೊಟ್ಟಳು. ಆಮೇಲೆ ಅದೇ ತೋಳು ಸವರಿದಳು.

"ಯಾರು ಇಳಿಸಿದ್ರು ನಿನ್ನ?"

"ಯಾರೂ ಇಲ್ಲ. ನಾನ ಇಳದೆ."

ಅಕ್ಕನ ಮನೆಗೆ ನಡೆಯುವ ದಾರಿಯಲ್ಲಿ ಪಾನ್ ಅಂಗಡಿಯವನಿಗೆ, ಹಾಲಿನವಳಿಗೆ, ಎದುರು ಮನೆಯ ಮುದುಕನಿಗೆ ಅವಳು ನಿಂತು ನಿಂತು ಹೇಳಿದಳು, "ರಾಯಚೂರಿಂದ ಒಬ್ಬಾಕಿನ ಬಂದಾಳ." ಅವರಿಗೆ ಅದರಲ್ಲಿ ವಿಶೇಷವೇನೂ ತಿಳಿಯಲಿಲ್ಲ. ಆದರೂ "ಹೌದಾ, ಬಾಳ ಚಲೋ ಆತು" ಎಂದರು. ಮರುದಿನ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರು ಕೂಗುವಾಗ ಅಕ್ಕ ನನ್ನನ್ನೇ ಮುಂದೆ ತಳ್ಳಿದಳು. ಕೂಸಿನ ಕಿವಿಯಲ್ಲಿ ಮೆಲ್ಲಗೆ ಹೇಳಬೇಕಾದ ಹೆಸರನ್ನು ನಾನು ಓಣಿಗೆಲ್ಲ ಕೇಳುವಂತೆ ಹೇಳಿದೆನಂತೆ. ಕೂಸು ಕಣ್ಣು ಬಿಟ್ಟು ನನ್ನನ್ನು ನೋಡಿತು, ಅಳಲಿಲ್ಲ. ಯವ್ವ ಮಡಿಲು ತುಂಬ ಕೊಬ್ಬರಿ ಸಕ್ಕರೆ ಇಟ್ಟುಕೊಂಡು ನಗುತ್ತ ನಿಂತಿದ್ದಳು, ಅಂಗೈ ಎತ್ತಲೇ ಇಲ್ಲ.

ವಾಪಸು ಬರುವಾಗ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತೆವು. ಊರು ಬಿಟ್ಟು ಸ್ವಲ್ಪ ದೂರ ಬಂದಿದ್ದೆವು, ಯವ್ವನ ತಲೆ ನನ್ನ ಭುಜಕ್ಕೆ ಒರಗಿತು. ನೋಡಿದರೆ ಬಾಯಿ ಅರ್ಧ ತೆರೆದು ನಿದ್ದೆ ಹೋಗಿದ್ದಳು. ಇಷ್ಟು ವರ್ಷ ನನ್ನ ಜೊತೆ ಬಸ್ಸಿನಲ್ಲಿ ಬಂದವಳು, ಒಮ್ಮೆಯೂ ಕಣ್ಣು ಮುಚ್ಚಿದ್ದನ್ನು ನಾನು ನೋಡಿರಲಿಲ್ಲ. ಬಸ್ಸು ಗುಂಡಿಗೆ ಇಳಿದಾಗ ಅವಳ ಹಣೆ ಮುಂದಿನ ಸರಳಿಗೆ ಬಡಿಯದಂತೆ ಕೈ ಅಡ್ಡ ಹಿಡಿದೆ. ರಾಯಚೂರಿನ ನಿಲ್ದಾಣಕ್ಕೆ ಬಸ್ಸು ತಿರುಗಿದ ಮೇಲೆ ಎಬ್ಬಿಸಿದೆ. ಅವಳು ಕಣ್ಣುಜ್ಜಿಕೊಂಡು, "ಇಷ್ಟ ಲಗೂ ಬಂತಾ?" ಎಂದು ಕೇಳಿ, ಸೀಟಿನ ಕೆಳಗೆ ಚಪ್ಪಲಿ ಹುಡುಕತೊಡಗಿದಳು.