ಗುಂಡಮ್ಮ ತಿಕ್ಕಿದ ಕಾಲುಗಳು

ಗುಂಡಮ್ಮ ಇಲಿಗಳ ಜೊತೆ ಕನ್ನಡ ಮಾತಾಡುತ್ತಾಳೆಂದು ನಮ್ಮ ಲ್ಯಾಬಿನವರು ನಗುತ್ತಿದ್ದರು. ನಗುವವರಿಗೇನು, ಸಂಜೆ ಮನೆಗೆ ಹೋದರೆ ಅವರಿಗೆ ಮಾತಾಡಲು ಜನರಿದ್ದರು.

ಹೈದರಾಬಾದಿನ ಪಟಾನ್‌ಚೆರು ಕಡೆಯ ಆ ಪ್ರಯೋಗಾಲಯದಲ್ಲಿ ನಾನು ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಗುಂಡಮ್ಮ ಪ್ರಾಣಿಗಳ ಕೋಣೆಯ ಆಯಾ. ಬಿ.ಪಿ.ಗೆ ಕೊಡುವ ಹಳೆಯ ಔಷಧಿಯೊಂದು ಬೆನ್ನುಹುರಿಯ ಪೆಟ್ಟಿಗೂ ಆಗಿಬರುತ್ತದೆಯೇ ಎಂದು ಅಲ್ಲಿ ಪರೀಕ್ಷೆ ನಡೆದಿತ್ತು. ಬೆನ್ನಿಗೆ ಪೆಟ್ಟು ಮಾಡಿದ ಇಲಿಗಳು ಹಿಂಗಾಲು ಎಳೆದುಕೊಂಡು ತೆವಳುತ್ತಿದ್ದವು. ತಾವಾಗಿ ಉಚ್ಚೆಯನ್ನೂ ಹೊಯ್ಯಲಾರವು. ಬೆಳಿಗ್ಗೆ ಸಂಜೆ ಒಂದೊಂದನ್ನೂ ಕೈಯಲ್ಲಿ ಹಿಡಿದು, ಕಿಬ್ಬೊಟ್ಟೆ ಮೆಲ್ಲಗೆ ಒತ್ತಿ ಮಾಡಿಸಬೇಕು.

ಗುಂಡಮ್ಮನಿಗೆ ಆ ಕೆಲಸ ಹೊಸದಲ್ಲ. ಲಿಂಗಸೂಗೂರಿನಿಂದ ಗಂಡ ಸೂಗಪ್ಪನ ಜೊತೆ ಗಾರೆ ಕೆಲಸಕ್ಕೆ ಹೈದರಾಬಾದಿಗೆ ಬಂದವಳು. ಅವನು ಉಪ್ಪಲ್‌ನಲ್ಲಿ ಕಟ್ಟುತ್ತಿದ್ದ ಕಟ್ಟಡದ ಮೇಲಿಂದ ಬಿದ್ದ. ಸೊಂಟದ ಕೆಳಗೆ ಸ್ವಾಧೀನವೇ ಉಳಿಯಲಿಲ್ಲ. ವರ್ಷಗಟ್ಟಲೆ ಮಲಗಿದಲ್ಲೇ ಇದ್ದು ತೀರಿಕೊಂಡ. ಅಷ್ಟು ದಿನವೂ ಅವನ ಹೊಟ್ಟೆ ಒತ್ತಿದ್ದು, ಮೈ ಒರೆಸಿದ್ದು ಇವಳೇ. ಮಕ್ಕಳಿಲ್ಲ.

"ಮನಿಗೆ ಹೋದ್ರ ಕೈಗೆ ಕೆಲಸನ ಇಲ್ರಿ ಅಣ್ಣಾರ," ಎಂದಿದ್ದಳು ಒಮ್ಮೆ. "ಒಬ್ಬಾಕಿಗೆ ಎರಡು ರೊಟ್ಟಿ ಬಡದ್ರ ಮುಗೀತು. ಆಮ್ಯಾಲ ಗ್ವಾಡಿ ನೋಡ್ಕೋತ ಕುಂದರತೀನಿ."

ಔಷಧಿ ಕೊಡುತ್ತಿದ್ದ ಇಲಿಗಳಲ್ಲೊಂದು, ಜೊತೆಯದು ಸತ್ತು ಗೂಡಿನಲ್ಲಿ ಒಂಟಿಯಾಯಿತು. ಗುಂಡಮ್ಮನ ಜೀವವೆಲ್ಲ ಅದರ ಮೇಲೆ. ಎಲ್ಲರೂ ಊಟಕ್ಕೆ ಹೋದಾಗ ಅದನ್ನು ತೊಡೆಯ ಮೇಲಿಟ್ಟುಕೊಂಡು ಹಿಂಗಾಲು ತಿಕ್ಕುವಳು, ಮಡಚಿ ಚಾಚುವಳು.

"ಇದು ಎದ್ದು ನಡದ್ರ, ಮುಂದ ಬೀಳೋ ಮಂದಿಗರ ಈ ಔಷಧಿ ಸಿಗತೈತಿ, ಹೌದಲ್ರಿ?" ಎಂದು ನನ್ನನ್ನು ಪದೇ ಪದೇ ಕೇಳುವಳು. ಹೌದೆನ್ನುತ್ತಿದ್ದೆ. ಬೇರೇನು ಹೇಳಲಿ? ಆದರೆ ಕಾಲು ತಿಕ್ಕುವ ವಿಷಯ ಆಗ ನನಗೂ ಹೇಳಿರಲಿಲ್ಲ. ಎಲ್ಲ ಇಲಿಗೂ ಒಂದೇ ಉಪಚಾರ ಇರಬೇಕು, ಇಲ್ಲದಿದ್ದರೆ ಔಷಧಿಯ ಗುಣ ತಿಳಿಯುವುದಿಲ್ಲ ಎಂಬುದು ಪಾಪ ಅವಳ ತಲೆಗೆ ಹೊಳೆದಿರಲಿಲ್ಲ.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಆ ಇಲಿ ನಾಲ್ಕೂ ಕಾಲೂರಿ ನಡೆಯಿತು. ಗುಂಡಮ್ಮ ನನ್ನನ್ನು ಸ್ಟೋರಿನಿಂದ ಎಳೆದುಕೊಂಡೇ ಹೋದಳು. ಪರೀಕ್ಷೆ ನಡೆಸುತ್ತಿದ್ದ ಕಲಬುರಗಿಯ ಅನ್ವಿತಾ ಮೇಡಂ ಬಂದು ನೋಡಿ ಹಿರಿಹಿರಿ ಹಿಗ್ಗಿದರು. ಆ ಸಂತೋಷದ ಭರದಲ್ಲಿ ಗುಂಡಮ್ಮ, "ನಾನೂ ದಿನಾ ಇದರ ಕಾಲು ತಿಕ್ಕೀನ್ರಿ ಮೇಡಂ," ಎಂದುಬಿಟ್ಟಳು.

ಮೇಡಂ ಮುಖ ಇಳಿದುಹೋಯಿತು. ಒಳ್ಳೆಯ ಹುಡುಗಿ, ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

"ಹಂಗಾದ್ರ ಇದನ್ನ ಲೆಕ್ಕಕ್ಕ ಹಿಡಿಯಾಕ ಬರಂಗಿಲ್ರಿ ಗುಂಡಮ್ಮ," ಎಂದರು. "ಔಷಧಿಯಿಂದ ಎದ್ದದೋ, ನಿಮ್ಮ ಕೈಯಿಂದ ಎದ್ದದೋ, ನಾ ಹೆಂಗ ಹೇಳಲಿ?"

ಗುಂಡಮ್ಮ ಇಲಿಯನ್ನೆತ್ತಿ ಗೂಡಿನೊಳಗೆ ಬಿಟ್ಟಳು.

"ನನ್ನ ಕೈಯಿಂದ ಅಲ್ರಿ ಮೇಡಂ. ಔಷಧಿಯಿಂದನ ಎದ್ದೈತಿ, ಬರ್ಕೋರಿ," ಎಂದಳು. "ನಮ್ಮ ಮನಿಯವರ ಕಾಲೂ ಹಿಂಗ ತಿಕ್ಕೀನಿ, ಅವರು ಹೋಗೋ ದಿನದ ತನಕ. ಕೈಯಿಂದ ಏಳೋದಿದ್ರ ಅವರು ಏಳತಿದ್ರು."